ಅಕ್ಕಿ ಹಾಕಿ ನೋಡಿದ ಮಷೀನು

ಹಳೆಯ ಮಿಲ್ಲಿಂಗ್ ಮಷೀನು ನೋಡಲು ಹೋಗುವವರು ಸೋದರಮಾವನನ್ನು ಜೊತೆಗೆ ಕರೆದುಕೊಂಡು ಹೋಗಬಾರದು. ವಿಜಯದಶಮಿಯ ದಿನವಂತೂ ಹೋಗಲೇಬಾರದು. ನಾನು ಎರಡನ್ನೂ ಮಾಡಿದೆ. ಬೇರೆ ದಾರಿ ಇರಲಿಲ್ಲ. ಜಾಗ ಮಾವನದು, ಮುಹೂರ್ತವೂ ಅವರದೇ.

ಜಾಗವೆಂದರೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಗಾಲಾ, ಅಂದರೆ ಸಣ್ಣ ಮಳಿಗೆ. ಮುಂದೆ ಒಂದು ಶಟರು, ಮೇಲೆ ಸಿಮೆಂಟ್ ಶೀಟು, ಹಿಂದಿನ ಗೋಡೆಯಲ್ಲಿ ಒಂದು ನಲ್ಲಿ, ತ್ರೀ ಫೇಸ್ ಕರೆಂಟು. ಮಾವ ಅದರಲ್ಲಿ ಹೋಟೆಲಿನ ಮುರಿದ ಕುರ್ಚಿ, ತೂತಾದ ಪಾತ್ರೆಗಳನ್ನು ತುಂಬಿಟ್ಟಿದ್ದರು. ನಾನು ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ಹಾಕುತ್ತೇನೆ ಎಂದಾಗ, ದಸರಾದ ತನಕ ಕಾಯುತ್ತೇನೆ ಎಂದರು. ಅಷ್ಟರೊಳಗೆ ಮಷೀನು ಗೊತ್ತಾದರೆ ಗಾಲಾ ನನಗೆ. ಇಲ್ಲವಾದರೆ ಮರುದಿನ ಅಲ್ಲಿ ದೋಸೆ ಹಿಟ್ಟಿನ ಗ್ರೈಂಡರುಗಳು ಬಂದು ಕೂರುತ್ತವೆ. ಕಲ್ಯಾಣದ ಅವರ ಹಳೆಯ ಹೋಟೆಲಿಗೂ ಥಾಣೆಯಲ್ಲಿ ಹೊಸದಾಗಿ ತೆರೆದದ್ದಕ್ಕೂ ಅಲ್ಲಿಂದಲೇ ಹಿಟ್ಟು ಹೋಗುತ್ತದೆ. ಮಾವ ಮಾತಿಗೆ ನಿಲ್ಲುವ ಮನುಷ್ಯ. ಕಾಯುತ್ತೇನೆಂದರೆ ಕಾಯುತ್ತಾರೆ, ಅದರ ಮೇಲೆ ಒಂದು ದಿನವೂ ಇಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಉಡುಪಿಯ ಕಡೆಯಿಂದ ಬಂದು ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ದೋಸೆ ಕಾವಲಿಯ ಮುಂದೆ ನಿಂತು, ಕೊನೆಗೆ ಅಡುಗೆಮನೆಯ ಯಜಮಾನಿಕೆಗೆ ಬಂದವರು. ನಾನು ಡಿಪ್ಲೊಮಾ ಮುಗಿಸಿ ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಂಪನಿಯ ಟೂಲ್ ರೂಮಿಗೆ ಸೇರಿದೆ. ಹಗಲು ಕೆಲಸ, ಸಂಜೆ ಕ್ಲಾಸು. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದಿ ಇಂಜಿನಿಯರಿಂಗ್ ಪಾಸು ಮಾಡಿದೆ. ಅಪ್ಪ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಕ್ಕಿ ಡಬ್ಬಿಯ ಮೇಲಿನ ಗೋಡೆಯಲ್ಲಿ ತೂಗುಹಾಕಿದರು. ನಮ್ಮ ಒಂದು ರೂಮಿನ ಮನೆಯಲ್ಲಿ ಬೇರೆ ಗೋಡೆ ಖಾಲಿ ಇರಲಿಲ್ಲ. ಅಕ್ಕಿ ತೆಗೆಯಲು ಬಗ್ಗಿದಾಗಲೆಲ್ಲ ಅಮ್ಮನ ತಲೆ ಅದಕ್ಕೆ ತಾಗುತ್ತಿತ್ತು. ಆದರೂ ಅದನ್ನು ಅಲ್ಲಿಂದ ತೆಗೆಯಲು ಅಮ್ಮ ಬಿಡಲಿಲ್ಲ.

ಅಂಥ ಸರ್ಟಿಫಿಕೇಟು ಇಟ್ಟುಕೊಂಡು ಖಾಯಂ ನೌಕರಿ ಬಿಡುವುದು ಮಾವನಿಗೆ ಅರ್ಥವಾಗಲಿಲ್ಲ. "ಇಷ್ಟು ಓದಿ ಕೈಯೆಲ್ಲ ಎಣ್ಣೆ ಮಾಡಿಕೊಳ್ಳುದೇ ಆದ್ರೆ ನನ್ನ ಹೋಟೆಲಲ್ಲಿ ಎಣ್ಣೆ ಇರ್ಲಿಲ್ವಾ ಮಾರಾಯ?" ಎಂದು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾಜೀನಾಮೆ ಅಷ್ಟರಲ್ಲಿ ಕೊಟ್ಟಾಗಿತ್ತು.

ನನ್ನ ಲೆಕ್ಕ ಸರಳವಾಗಿತ್ತು. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳಲ್ಲಿ ದಿನಾ ಏನಾದರೊಂದು ಮುರಿಯುತ್ತದೆ. ಇವತ್ತು ಪಂಪಿನ ಶಾಫ್ಟು, ನಾಳೆ ಕಲಕುವ ಯಂತ್ರದ ಗಿಯರು, ನಾಡಿದ್ದು ಯಾವುದೋ ಹಳೇ ಕಪ್ಲಿಂಗು. ಹೊಸದು ತರಿಸುವ ತನಕ ಪ್ಲಾಂಟು ಕಾಯುವುದಿಲ್ಲ. ತಿರುಗುವ ತುಂಡನ್ನು ಕೆತ್ತುವ ಲೇತು ಪ್ರತಿ ಗಲ್ಲಿಯಲ್ಲೂ ಇತ್ತು. ನಾನೂ ಒಂದನ್ನು ಗೊತ್ತುಮಾಡಿಟ್ಟಿದ್ದೆ. ಆದರೆ ಶಾಫ್ಟಿನ ಮೇಲೆ ಚಾವಿಯ ಗಾಡಿ, ಅಂದರೆ ಗಿಯರು ಜಾರದಂತೆ ಹಿಡಿಯುವ ಕಬ್ಬಿಣದ ತುಂಡು ಕೂರುವ ಕಾಲುವೆ, ಕೊರೆಯಲು, ಸಪಾಟು ಮಾಡಲು, ಗಿಯರಿನ ಹಲ್ಲು ಕಡಿಯಲು ಮಿಲ್ಲಿಂಗ್ ಬೇಕು. ಅದಕ್ಕಾಗಿ ಜನ ತುಂಡುಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಅಂಬರನಾಥಕ್ಕೆ ಹೋಗುತ್ತಿದ್ದರು. ಆ ರಿಕ್ಷಾ ನನ್ನ ಗಾಲಾದ ಮುಂದೆ ನಿಲ್ಲಬೇಕು. ಇಷ್ಟೇ ನನ್ನ ಯೋಜನೆ.

ಮಿಲ್ಲಿಂಗ್ ಎಂದರೇನು ಎಂದು ಅಪ್ಪನಿಗೆ ಹೋಟೆಲಿನ ತೆಂಗಿನಕಾಯಿ ತುರಿಯುವ ಕರೆಂಟಿನ ಮಷೀನು ತೋರಿಸಿ ಹೇಳಿದ್ದೆ. ಬ್ಲೇಡು ಒಂದೇ ಕಡೆ ತಿರುಗುತ್ತದೆ, ಕಾಯಿಯನ್ನು ಕೈಯಲ್ಲಿ ಹಿಡಿದು ಅದಕ್ಕೆ ಒಡ್ಡುತ್ತೇವೆ. ಇಲ್ಲಿ ಕಾಯಿಯ ಬದಲು ಕಬ್ಬಿಣ, ಕೈಯ ಬದಲು ಟೇಬಲ್ಲು. ಟೇಬಲ್ಲು ಎಡಬಲ, ಹಿಂದೆ ಮುಂದೆ, ಮೇಲೆ ಕೆಳಗೆ ಸರಿಯುತ್ತದೆ. ಅಪ್ಪ, ಹಾಗಾದರೆ ಕೈ ನಡುಗಬಾರದು ಎಂದರು. ಹೌದು, ಹಳೇ ಮಷೀನಿನಲ್ಲಿ ನೋಡಬೇಕಾದ್ದೂ ಅದನ್ನೇ ಎಂದೆ.

ಮಷೀನು ಮಾರುವವನು ಕಲ್ಯಾಣ್ ಫಾಟಾದ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಬಾಗಲಕೋಟೆಯ ಕಡೆಯವನು, ಮುಚ್ಚಿದ ಕಾರ್ಖಾನೆಗಳಿಂದ ಮಷೀನುಗಳನ್ನು ಎತ್ತಿ ತಂದು ಮಾರುವುದೇ ಅವನ ಉದ್ಯೋಗ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಕುರ್ಚಿ ಹಾಕಿ ಚಹಾ ತರಿಸಿದ. ಅವನಲ್ಲಿ ಎರಡು ಮಿಲ್ಲಿಂಗ್ ಮಷೀನುಗಳಿದ್ದವು. ಒಂದು ದೊಡ್ಡದು, ಹಸಿರು ಬಣ್ಣ ಬಳಿದು ಫಳಫಳ ಮಾಡಿಟ್ಟದ್ದು. ಇನ್ನೊಂದು ಅದಕ್ಕಿಂತ ಚಿಕ್ಕದು, ಬೂದು ಬಣ್ಣ, ಅಂಬರನಾಥದ ಯಾವುದೋ ಮುಚ್ಚಿದ ಕಂಪನಿಯದು, ಮೈಮೇಲೆ ಗಟ್ಟಿಯಾದ ಗ್ರೀಸು, ಕಬ್ಬಿಣದ ಚೂರು. ಆ ವರ್ಷಗಳಲ್ಲಿ ಲೋಡ್ ಶೆಡ್ಡಿಂಗ್ ವಿಪರೀತ. ನಾನು ಹೋದಾಗಲೆಲ್ಲ ಕರೆಂಟಿರಲಿಲ್ಲ. ಕೊನೆಗೆ ಅವನೇ, ದಸರಾ ದಿನ ಬನ್ನಿ, ಅವತ್ತು ಕರೆಂಟು ತೆಗೆಯುವುದಿಲ್ಲ ಎಂದ. ಮಾವನಿಗೆ ಈ ಮಾತು ಕೇಳಿ ತುಂಬಾ ಸಂತೋಷವಾಯಿತು. ಅವರ ಎರಡು ಹೋಟೆಲುಗಳೂ ವಿಜಯದಶಮಿಯಂದೇ ಶುರುವಾದವು. ಮಧ್ಯಾಹ್ನದ ವಿಜಯ ಮುಹೂರ್ತದಲ್ಲಿ ಮುಂಗಡ ಕೊಟ್ಟುಬಿಡೋಣ, ನಾನೂ ಬರುತ್ತೇನೆ ಎಂದರು. ಅಪ್ಪನೂ ರಜೆ ಹಾಕಿ ಹೊರಟರು.

ದಸರಾ ದಿನ ಕರೆಂಟಿತ್ತು. ಆದರೆ ಮಷೀನುಗಳು ಪೂಜೆಗೆ ಕೂತಿದ್ದವು.

ಎರಡಕ್ಕೂ ಚೆಂಡುಹೂವಿನ ಮಾಲೆ, ಹ್ಯಾಂಡಲ್ಲುಗಳಿಗೆ ಕುಂಕುಮ, ಬುಡದಲ್ಲಿ ಒಡೆದ ತೆಂಗಿನಕಾಯಿ. ಸ್ವಿಚ್ ಬೋರ್ಡಿನ ಮೇಲೂ ಒಂದು ಹೂವು. ಒಮ್ಮೆ ಶುರು ಮಾಡಿ ತೋರಿಸಿ ಎಂದೆ. ವ್ಯಾಪಾರಿ ಎರಡೂ ಕೈ ಜೋಡಿಸಿದ.

"ಇವತ್ತ ಸ್ವಿಚ್ ಹಾಕಂಗಿಲ್ರೀ ಸರ. ಖಂಡೇ ಪೂಜಾಕ್ಕ ಕುಂತಾವು. ಸಂಜೀಕ ಬನ್ನಿ ಕೊಟ್ಟು ತಗೊಂಡ ಮ್ಯಾಲೆನ ಏಳ್ತಾವು."

ನಮ್ಮ ಕಡೆ ಇದು ಉಲ್ಟಾ. ನಮ್ಮ ಅಡುಗೆಮನೆಯಲ್ಲಿ ನವಮಿಗೆ ಗ್ರೈಂಡರಿಗೆ ಪೂಜೆ, ದಶಮಿ ಬೆಳಿಗ್ಗೆ ಅದನ್ನು ತಿರುಗಿಸಲೇಬೇಕು. ಅಪ್ಪ ಅವತ್ತೂ ಹಾಗೆ ಮಾಡಿಯೇ ಬಂದಿದ್ದರು. ಆದರೆ ಯಾರ ಪದ್ಧತಿ ಸರಿ ಎಂದು ವಾದ ಮಾಡಲು ನಾವು ಹೋಗಿರಲಿಲ್ಲ. ಅವನ ಶೆಡ್ಡು, ಅವನ ಪೂಜೆ. ಕರೆಂಟಿಲ್ಲದೆ ಕೈಯಲ್ಲಿ ತಿರುಗಿಸಬಹುದಾ ಎಂದು ಕೇಳಿದೆ. ಅವನು, ಕೈಯಲ್ಲಿ ತಿರುಗಿಸಿದರೆ ತಪ್ಪಿಲ್ಲ, ಹೂವು ಮಾತ್ರ ಬೀಳಿಸಬೇಡಿ ಎಂದ.

ಮಾವನಿಗೆ ಇದು ವೇಳೆ ಹಾಳು ಮಾಡುವ ಕೆಲಸವಾಗಿ ಕಂಡಿತು. ಅವರು ಜೀವಮಾನವಿಡೀ ಸೆಕೆಂಡ್‌ಹ್ಯಾಂಡ್ ಗ್ರೈಂಡರು, ಫ್ರಿಜ್ಜು ಕೊಂಡವರು. ಅವರ ಪ್ರಕಾರ ಮೋಟರಿನ ಸದ್ದು ಕೇಳಿದರೆ ಮುಗಿಯಿತು. ಸದ್ದು ಇವತ್ತು ಕೇಳಲಿಕ್ಕಿಲ್ಲ ಎಂದಮೇಲೆ, ಹಸಿರು ಮಷೀನಿನ ಬೆನ್ನು ತಟ್ಟಿ, ಇದು ಹೊಸ ಬಸ್ಸಿನ ಹಾಗೆ ಉಂಟಲ್ಲ, ಇದೇ ಆಗಬಹುದು ಎಂದರು.

ನಾನು ಚೀಲದಿಂದ ಡಯಲ್ ಗೇಜು ತೆಗೆದೆ. ಕೂದಲೆಳೆಯ ಭಾಗದಷ್ಟು ಅಲುಗಿದರೂ ಮುಳ್ಳು ತೋರಿಸುವ ಸಣ್ಣ ಗಡಿಯಾರದಂಥ ಸಾಧನ ಅದು. ಮೋಟರು ಕೆಟ್ಟರೆ ಉಲ್ಹಾಸನಗರದಲ್ಲಿ ಬೇರೆ ಸಿಗುತ್ತದೆ. ಟೇಬಲ್ಲು ಸರಿಯುವ ದಾರಿ ಸವೆದಿದ್ದರೆ ಬೇರೆ ದಾರಿ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದನ್ನು ಕರೆಂಟಿಲ್ಲದೆಯೇ ನೋಡಬಹುದು. ನಿಜ ಹೇಳಬೇಕೆಂದರೆ ಕರೆಂಟಿಲ್ಲದಿದ್ದರೇ ಚೆನ್ನಾಗಿ ನೋಡಬಹುದು. ತಿರುಗುವ ಮಷೀನು ನೋಡುವವನಿಗೆ ಮರುಳು ಹಿಡಿಸುತ್ತದೆ.

ಹಸಿರು ಮಷೀನಿನ ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಸರಿಸಿದೆ. ದೇವರಾಣೆ, ಒಳ್ಳೆಯ ಮಷೀನು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. ಡಯಲಿನ ಮುಳ್ಳು ಅಲುಗಲಿಲ್ಲ ಎಂದರೂ ನಡೆಯುತ್ತದೆ. ಮಾವ ನನ್ನ ಮುಖ ನೋಡಿ ಗೆದ್ದವರಂತೆ ನಿಂತರು. ನನ್ನ ಮನಸ್ಸೂ ಆ ಕ್ಷಣ ಅತ್ತಲೇ ವಾಲಿತ್ತು. ಆಮೇಲೆ ಸ್ಪಿಂಡಲ್ಲಿನ ಬಾಯಿ ನೋಡಿದೆ. ಕಟರು ಹಿಡಿಯುವ ಹೋಲ್ಡರು ಕೂರುವುದು ಅಲ್ಲಿ, ಒಳಗೆ ಇಳಿಜಾರು. ನಾನು ಟೂಲ್ ರೂಮಿನ ಗೆಳೆಯನಿಂದ ಒಂದು ಹೋಲ್ಡರು ಎರವಲು ತಂದಿದ್ದೆ; ಮುಂಬಯಿಯ ಯಾವ ಟೂಲ್ ಅಂಗಡಿಗೆ ಹೋದರೂ ಸಿಗುವ ಸಾಮಾನ್ಯ ಅಳತೆಯದು. ಒಳಗೆ ಇಟ್ಟೆ. ಕೂರಲಿಲ್ಲ. ಗಡಗಡ ಅಲ್ಲಾಡಿತು.

"ಚೆಂಬಿಗೆ ಬೇರೆ ಚೆಂಬಿನ ಮುಚ್ಚಳ ಇಟ್ಟ ಹಾಗಾಯ್ತಲ್ಲ" ಎಂದರು ಅಪ್ಪ.

ಅದೇ ಸಂಗತಿ. ಆ ಮಷೀನು ಮಾಡಿದ ಹೊರದೇಶದ ಕಂಪನಿ ತನ್ನದೇ ಅಳತೆಯ ಬಾಯಿ ಇಟ್ಟಿತ್ತು. ಜೊತೆಗೆ ಬಂದ ಹೋಲ್ಡರುಗಳು ಎಲ್ಲಿ ಎಂದು ಕೇಳಿದೆ. ಅವು ಬರಲಿಲ್ಲ, ಬರೇ ಮಷೀನು ಬಂತು ಎಂದ ವ್ಯಾಪಾರಿ. ಹೋಲ್ಡರಿಲ್ಲದ ಮಿಲ್ಲಿಂಗ್ ಮಷೀನಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ಒಂದೊಂದನ್ನೂ ಹೊಸದಾಗಿ ಮಾಡಿಸಬೇಕು. ಅದಲ್ಲದೆ ಅದರ ತಲೆ, ಅಂದರೆ ಕಟರು ತಿರುಗಿಸುವ ಭಾಗ, ನೇರ ಕೆಳಗೆ ಮಾತ್ರ ನೋಡುತ್ತಿತ್ತು, ಓರೆಯಾಗುತ್ತಿರಲಿಲ್ಲ. ಅದರ ಎತ್ತರಕ್ಕೆ ನಮ್ಮ ಗಾಲಾದ ಶಟರೂ ಸಾಲದು; ಟೇಪು ಹಿಡಿದು ನೋಡಿದ್ದೆ. ಯಾವುದೋ ಕಾರ್ಖಾನೆಯಲ್ಲಿ ಒಂದೇ ಥರದ ದೊಡ್ಡ ತುಂಡನ್ನು ವರ್ಷಗಟ್ಟಲೆ ಕೆತ್ತಲು ಹುಟ್ಟಿದ ಮಷೀನು ಅದು. ಅಂಥ ಕೆಲಸ ಇದ್ದವನು ಕಣ್ಣು ಮುಚ್ಚಿ ಒಯ್ಯಬಹುದಿತ್ತು. ನನ್ನ ಬಾಗಿಲಿಗಾದರೋ ಇವತ್ತು ಬಂದಂಥ ಕೆಲಸ ನಾಳೆ ಬರುವುದಿಲ್ಲ.

ಮಾವನಿಗೆ ಹೇಗೆ ಹೇಳುವುದು? ಹೋಟೆಲಿನ ಭಾಷೆಯಲ್ಲೇ ಹೇಳಿದೆ. ಇದು ಮದುವೆ ಹಾಲಿನ ಕಡಾಯಿ. ಸಾವಿರ ಜನಕ್ಕೆ ಒಂದೇ ಪಾಯಸ ಮಾಡಲು ಮಾಡಿಸಿದ್ದು. ನಮ್ಮದು ಟೇಬಲ್ಲಿಗೆ ಒಬ್ಬೊಬ್ಬ ಒಂದೊಂದು ಆರ್ಡರು ಕೊಡುವ ಹೋಟೆಲು. ಮಾವ ಗಡಿಯಾರ ನೋಡಿದರು.

ಬೂದು ಮಷೀನಿನ ಹತ್ತಿರ ಹೋದೆ. ಹ್ಯಾಂಡಲ್ಲಿನ ಹೂವು ಬೀಳದ ಹಾಗೆ ಬೆರಳು ತೂರಿಸಿ ತಿರುಗಿಸಬೇಕಾಯಿತು. ಟೇಬಲ್ಲು ಅಲುಗುವ ಮೊದಲು ಹ್ಯಾಂಡಲ್ಲು ಸುಮ್ಮನೆ ಸ್ವಲ್ಪ ತಿರುಗುತ್ತಿತ್ತು. ಒಳಗಿನ ಸ್ಕ್ರೂ ಸವೆದಿದೆ ಎಂದರ್ಥ. ಅದಕ್ಕೆ ಔಷಧಿ ಉಂಟು, ನಟ್ಟು ಬದಲಿಸಿದರಾಯಿತು. ಆಮೇಲೆ ಟೇಬಲ್ಲನ್ನು ಮಧ್ಯದಲ್ಲಿ ನಿಲ್ಲಿಸಿ, ಅದನ್ನು ದಾರಿಗೆ ಒತ್ತಿ ಹಿಡಿಯುವ ಪಕ್ಕದ ಪಟ್ಟಿಯನ್ನು ಸರಿಸಲು ಬಿಗಿ ಅನ್ನಿಸುವಷ್ಟು ಕಟ್ಟಿ, ತುದಿಯ ಕಡೆಗೆ ಒಯ್ದೆ. ತುದಿಗೆ ಹೋಗುತ್ತ ಹೋಗುತ್ತ ಹ್ಯಾಂಡಲ್ಲು ಕಲ್ಲಾಯಿತು. ಇದು ಕೆಟ್ಟ ಸುದ್ದಿ. ಮಧ್ಯದಲ್ಲಿ ದಾರಿ ಸವೆದಿದೆ, ತುದಿಗಳಲ್ಲಿ ಇಲ್ಲ. ಹಳೆಯ ಮಷೀನುಗಳ ಜಾತಕವೇ ಹಾಗೆ. ಕೆಲಸವೆಲ್ಲ ಮಧ್ಯದಲ್ಲೇ ನಡೆದಿರುತ್ತದೆ.

ವ್ಯಾಪಾರಿ ದೂರದಿಂದ ನೋಡುತ್ತಿದ್ದ. "ಏನ್ರೀ ಸರ, ಎತ್ತಿನ ಸಂತಿಗೆ ಬಂದ್ಹಂಗ ಹಲ್ಲ ನೋಡಾಕ್ಹತ್ತೀರಲ್ಲ" ಎಂದ. ಎತ್ತಾದರೆ ಬಾಯಿ ತೆರೆದು ತೋರಿಸುತ್ತದೆ, ಇದನ್ನು ನಾನೇ ತೆರೆಯಬೇಕು ಎಂದೆ. ಅವನು ನಕ್ಕು ಇನ್ನೊಂದು ಚಹಾಕ್ಕೆ ಹೇಳಿದ.

ಸ್ಪಿಂಡಲ್ಲು ಮಾತ್ರ ಚಿನ್ನ. ಎರವಲು ಹೋಲ್ಡರು ಒಳಗೆ ಹೋಗಿ ಕೂತ ಸದ್ದು ಈಗಲೂ ನನ್ನ ಕಿವಿಯಲ್ಲಿದೆ, ಡಬ್ಬಿಯ ಮುಚ್ಚಳ ಸರಿಯಾಗಿ ಬಿದ್ದ ಹಾಗೆ. ಬೆರಳು ಹಾಕಿ ಒಳಗೆ ಸವರಿದೆ, ಗೀರಿರಲಿಲ್ಲ. ಡಯಲು ಹಚ್ಚಿ ಕೈಯಲ್ಲೇ ತಿರುಗಿಸಿದೆ, ಮುಳ್ಳು ನಿದ್ದೆ ಮಾಡುವವರ ಎದೆಯ ಹಾಗೆ ಒಂದಿಷ್ಟು ಏರಿ ಇಳಿಯಿತು, ಅಷ್ಟೆ. ಟೇಬಲ್ಲು ಓರೆಯಾಗಿ ತಿರುಗುತ್ತಿತ್ತು. ಅಂದರೆ ಓರೆ ಹಲ್ಲಿನ ಗಿಯರೂ ಮಾಡಬಹುದು. ಕೊರತೆ ಒಂದೇ: ಇದರ ಕಟರು ಅಡ್ಡಕ್ಕೆ ತಿರುಗುತ್ತದೆ. ಕಾಯಿ ತುರಿಯುವ ಮಷೀನಿನ ಹಾಗೆ. ಮೇಲಿಂದ ಕೆಳಗೆ ಕೊರೆಯಬೇಕಾದರೆ ಇದಕ್ಕೆ ಜೋಡಿಸುವ ನೇರ ತಲೆ ಬೇಕು. ಇಂಥ ಮಷೀನು ಕಂಪನಿಯಿಂದ ತಲೆಯಿಲ್ಲದೆ ಬಂದಿರಲಾರದು. ಶೆಡ್ಡಿನ ಹಿಂದೆ ಗುಜರಿ ರಾಶಿಯಲ್ಲಿ ಹುಡುಕಿದೆ. ಹಬ್ಬದ ಅಂಗಿಯ ತೋಳಿಗೆ ಗ್ರೀಸು ಬಳಿಯಿತು. ಗೋಣಿಯ ಕೆಳಗೆ ಸಿಕ್ಕಿತು, ಬೂದು ಬಣ್ಣದ್ದೇ, ಇದರದ್ದೇ ನಂಬರು. ಪಕ್ಕದಲ್ಲಿ ಗಿಯರಿನ ಹಲ್ಲುಗಳನ್ನು ಸಮನಾಗಿ ಹಂಚಿ ಕಡಿಯಲು ಬೇಕಾದ ಡಿವೈಡಿಂಗ್ ಹೆಡ್ಡು. ಎರಡನ್ನೂ ಅವನು ತೂಕಕ್ಕೆ ಹಾಕಲು ಇಟ್ಟಿದ್ದ.

ಈಗ ನನ್ನ ಮುಂದೆ ಇದ್ದ ಪ್ರಶ್ನೆ ಒಂದೇ. ಮಧ್ಯದ ಸವೆತದಿಂದ ನನ್ನ ಕೆಲಸ ಕೆಡುತ್ತದೋ ಇಲ್ಲವೋ? ಉದ್ದನೆಯ ಕಬ್ಬಿಣದ ಪಟ್ಟಿ ಸಪಾಟು ಮಾಡಿದರೆ ತಪ್ಪು ಕಾಣುತ್ತದೆ. ಆದರೆ ಪಂಪಿನ ಶಾಫ್ಟಿನ ಚಾವಿ ಗಾಡಿ ಗೇಣುದ್ದವೂ ಇರುವುದಿಲ್ಲ. ಸಣ್ಣ ಓಟದಲ್ಲಿ ಸವೆತ ಗೊತ್ತಾಗಲಿಕ್ಕಿಲ್ಲ. ಖಾತ್ರಿ ಇಲ್ಲ. ಡಯಲು ಅಂದಾಜು ಹೇಳುತ್ತದೆ. ಕಬ್ಬಿಣ ಕಡಿದಾಗ ಮಷೀನು ಹೇಗೆ ನಡೆದುಕೊಳ್ಳುತ್ತದೆ, ಗಿಯರುಗಳು ಒಳಗೆ ಏನು ಹೇಳುತ್ತವೆ, ಅದು ಓಡಿಸಿದರೇ ತಿಳಿಯುವುದು. ಅದಕ್ಕೆ ಸಂಜೆಯಾಗಬೇಕು. ಮುಹೂರ್ತ ಇರುವುದು ಮಧ್ಯಾಹ್ನ.

ಮಾವ ನನ್ನನ್ನು ಪಕ್ಕಕ್ಕೆ ಕರೆದು ತುಳುವಿನಲ್ಲಿ ಹೇಳಿದರು, ಹಸಿರೋ ಬೂದೋ ಯಾವುದಾದರೂ ಸರಿ, ಈಗ ಮುಂಗಡ ಕೊಡು. ವ್ಯಾಪಾರಿಯೂ ಹತ್ತಿರ ಬಂದು, ಹಸಿರಿಗೆ ನಾಳೆ ಭಿವಂಡಿಯ ಪಾರ್ಟಿ ಬರುತ್ತದೆ ಎಂದ. ನಾನು ಓಡಿಸಿ ನೋಡದೆ ಕೊಡುವುದಿಲ್ಲ ಎಂದೆ. ಮಾವನ ಮುಖ ಬಿಗಿಯಾಯಿತು. ಮುಹೂರ್ತ ಬಿಟ್ಟು ಮಾಡಿದ ಕೆಲಸಕ್ಕೆ ನನ್ನ ಜಾಗ ಇಲ್ಲ, ನಾಳೆ ಬೆಳಿಗ್ಗೆ ಗ್ರೈಂಡರು ಇಳಿಸುತ್ತೇನೆ ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಮಾವ ಗಟ್ಟಿಯಾಗಿ ಹೇಳದ ಮಾತೇ ನಡೆಯುವುದು.

ಗಾಲಾ ಹೋದರೆ ವರ್ಕ್‌ಶಾಪ್ ಇಲ್ಲ. ಎಂಐಡಿಸಿಯಲ್ಲಿ ಬಾಡಿಗೆಗೆ ಹಿಡಿಯುವ ಶಕ್ತಿ ನನಗಿರಲಿಲ್ಲ, ಬಿಟ್ಟ ನೌಕರಿ ಮತ್ತೆ ಸಿಗುವಂತಿರಲಿಲ್ಲ. ಆದರೆ ತಪ್ಪು ಮಷೀನು ಇಟ್ಟುಕೊಂಡು ಗಾಲಾದಲ್ಲಿ ಕೂತರೂ ವರ್ಕ್‌ಶಾಪ್ ಇಲ್ಲ; ಅದು ನಿಧಾನವಾಗಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಓದುವಾಗ ಒಂದು ಪಾಠ ಗಟ್ಟಿ ಕಲಿತಿದ್ದೆ: ಅಳತೆ ಮಾಡದ ಸಂಖ್ಯೆಯನ್ನು ಬರೆಯಬಾರದು. ಹಾಗೆ ಕಲಿತು ಪಡೆದ ಕಾಗದ ಅಕ್ಕಿ ಡಬ್ಬಿಯ ಮೇಲೆ ತೂಗುತ್ತಿರುವಾಗ, ಪಂಚಾಂಗ ನೋಡಿ ಮಷೀನು ಕೊಳ್ಳುವುದು ನನ್ನಿಂದಾಗುವುದಿಲ್ಲ. ಸಂಜೆಯ ತನಕ ಇಲ್ಲೇ ಇರುತ್ತೇನೆ ಎಂದೆ.

ಆಗ ಅಪ್ಪ ಬಾಯಿ ತೆರೆದರು. ಮಾವನ ಕೈಕೆಳಗೆ ದುಡಿದೇ ತಲೆ ನರೆಸಿಕೊಂಡ ಮನುಷ್ಯ. ಅವರು ಮಾವನ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಮನೆಯವರ ನಡುವೆ ತುಳುವೇ ನಮ್ಮ ಮಾತು. ಆದರೆ ಅಪ್ಪ ವ್ಯಾಪಾರಿಗೂ ತಿಳಿಯಲಿ ಎಂದು ಬೇಕೆಂದೇ ಕನ್ನಡದಲ್ಲಿ ಹೇಳಿದರು.

"ಭಾವ, ಕಲ್ಯಾಣದ ಹೋಟೆಲಿಗೆ ಗ್ರೈಂಡರ್ ತೆಗೊಳ್ಳುವಾಗ ನೀವು ಮನೆಯಿಂದ ನೆನೆಸಿದ ಅಕ್ಕಿ ತಕೊಂಡು ಹೋಗಿದ್ರಿ. ಅಂಗಡಿಯಲ್ಲೇ ಹಾಕಿ ರುಬ್ಬಿ, ಹಿಟ್ಟು ಮುಟ್ಟಿ ನೋಡಿ, ಮತ್ತೆ ದುಡ್ಡು ಕೊಟ್ರಿ. ಇವನೂ ಅಕ್ಕಿ ಹಾಕಿ ನೋಡ್ಲಿ."

ಮಾವ ಅಪ್ಪನನ್ನೇ ನೋಡಿದರು. ಆಮೇಲೆ ಹೋಟೆಲಿನಲ್ಲಿ ಹಬ್ಬದ ರಶ್ ಇರುತ್ತದೆ ಎಂದು ರಿಕ್ಷಾ ಹತ್ತಿ ಹೊರಟುಹೋದರು.

ನಾವಿಬ್ಬರೂ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಕಾದೆವು. ವ್ಯಾಪಾರಿ ಮನೆಯಿಂದ ಹೋಳಿಗೆ ತರಿಸಿಕೊಟ್ಟ. ಅಪ್ಪ ಅದನ್ನು ಮುರಿದು ಹೂರಣ ನೋಡಿ, ಬೇಳೆ ಸ್ವಲ್ಪ ಜಾಸ್ತಿ ಬೆಂದಿದೆ ಎಂದು ನನ್ನ ಕಿವಿಯಲ್ಲಿ ಹೇಳಿ ಪೂರ್ತಿ ತಿಂದರು. ಮುಹೂರ್ತ ಬಂತು, ಹೋಯಿತು.

ಬಿಸಿಲು ಇಳಿದ ಮೇಲೆ ವ್ಯಾಪಾರಿ ತಲೆಗೆ ಟೊಪ್ಪಿಗೆ ಹಾಕಿಕೊಂಡು ಬಂದು ಅಪ್ಪನ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರೀ" ಎಂದ. ನಾವೂ ಕೊಟ್ಟೆವು. ಆಮೇಲೆ ಅವನೇ ಬೂದು ಮಷೀನಿನ ಮಾಲೆ ತೆಗೆದು ಕಂಬಕ್ಕೆ ಹಾಕಿ, ಸ್ವಿಚ್ಚಿನ ಮೇಲಿನ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು, ಹಾಕ್ರಿ ಈಗ ಎಂದ.

ಒಂದೊಂದೇ ಸ್ಪೀಡು ಬದಲಿಸುತ್ತ ಹೋದೆ. ಒಂದರಲ್ಲಿ ಮಾತ್ರ ಒಳಗೆ ಕಟಕಟ ಎಂದಿತು. ಒಂದು ಗಿಯರಿನ ಹಲ್ಲು ಹೋಗಿದೆ. ಆ ಸ್ಪೀಡು ನಮಗೆ ಬೇಡ, ಮುಂದೆ ಗಿಯರೂ ಇದರಲ್ಲೇ ಮಾಡಿಕೊಳ್ಳೋಣ ಎಂದುಕೊಂಡೆ. ಗುಜರಿಯಿಂದ ಒಂದು ಸರಳು ತಂದು ಟೇಬಲ್ಲಿಗೆ ಕಟ್ಟಿದೆ.

"ಹಾಕು ಅಕ್ಕಿ" ಎಂದರು ಅಪ್ಪ.

ಕಟರು ಕಬ್ಬಿಣಕ್ಕೆ ತಾಗಿತು. ನಡುಕವಿಲ್ಲ. ಚೂರುಗಳು ಒಂದೇ ಅಳತೆಯಲ್ಲಿ ಸುರುಳಿಯಾಗಿ ಬಿದ್ದವು. ಟೇಬಲ್ಲಿನ ಮಧ್ಯದಲ್ಲಿ ಒಂದು ಗಾಡಿ, ತುದಿಯ ಹತ್ತಿರ ಇನ್ನೊಂದು ಕೊರೆದೆ. ಆಳ ಅಳೆದೆ. ಎರಡಕ್ಕೂ ಇದ್ದ ಫರಕು ಪಂಪಿನ ಶಾಫ್ಟು ಲೆಕ್ಕಕ್ಕೆ ಇಡದಷ್ಟು. ಮತ್ತೊಮ್ಮೆ ಅಳೆದೆ. ಆಮೇಲೆ ವ್ಯಾಪಾರಿಗೆ ಹೇಳಿದೆ: ಉದ್ದದ ಕೆಲಸಕ್ಕೆ ಈ ಮಷೀನು ಆಗುವುದಿಲ್ಲ, ಅದು ನಿನಗೂ ಗೊತ್ತು. ನೇರ ತಲೆ, ಡಿವೈಡಿಂಗ್ ಹೆಡ್ಡು ಎರಡೂ ಇದರ ಜೊತೆಗೇ ಬರಬೇಕು, ತೂಕಕ್ಕಲ್ಲ. ಅವನು ಇಲ್ಲ ಎಂದ. ನಾನು ಹೋಲ್ಡರು ಚೀಲಕ್ಕೆ ಹಾಕಿದೆ. ಅವನು ಕಿವಿಯ ಹೂವು ತೆಗೆದು ನೋಡಿ, ಹಬ್ಬದ ದಿನ ಯಾಕ ಜಗ್ಗಾಡೂದು, ಒಯ್ರಿ ಎಂದ. ಮುಂಗಡ ಕೊಟ್ಟು ಶೆಡ್ಡಿನ ಹೊರಗೆ ಬಂದಾಗ ಪಶ್ಚಿಮದಲ್ಲಿ ಇನ್ನೂ ಬೆಳಕಿತ್ತು.

ಮರುದಿನ ಬೆಳಿಗ್ಗೆ ನಾನು ಗಾಲಾಕ್ಕೆ ಹೋದಾಗ ಟೆಂಪೋ ನಿಂತಿತ್ತು. ಅದರಲ್ಲಿ ಗ್ರೈಂಡರುಗಳು, ಮುಂದೆ ಮಾವ. ಮಷೀನು ಗೊತ್ತಾಯಿತು ಎಂದೆ. ಮುಹೂರ್ತ ತಪ್ಪಿತು ಎಂದರು.

"ನೀವು ಹೇಳಿದ್ದು ದಸರಾದ ತನಕ ಅಂತ, ಮಾವ. ಗಂಟೆ ಹೇಳಿರ್ಲಿಲ್ಲ. ನಾನು ಮುಂಗಡ ಕೊಟ್ಟದ್ದು ದಸರಾ ದಿನವೇ."

ಮಾವ ಟೆಂಪೋದವನನ್ನು ನೋಡಿದರು, ನನ್ನನ್ನು ನೋಡಿದರು. ಕೊಟ್ಟ ಮಾತನ್ನು ತಿರುಚುವುದು ಅವರಿಗೆ ಗೊತ್ತಿಲ್ಲ. ನಾನು ನಂಬಿದ್ದೂ ಅದನ್ನೇ. ಆದರೆ ಗ್ರೈಂಡರುಗಳು ಆಗಲೇ ಬಂದಾಗಿತ್ತು. ನಾನು ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆದೆ. ನಲ್ಲಿಯ ಕಡೆ ಅವರಿಗೆ, ಶಟರಿನ ಕಡೆ ನನಗೆ. ನಡುವೆ ಸೂರಿನ ತನಕ ತಗಡಿನ ಗೋಡೆ, ಹಿಟ್ಟಿಗೆ ಕಬ್ಬಿಣದ ಒಂದು ಕಣವೂ ಬೀಳಬಾರದು. ಮಾವ ಗೆರೆಯ ಮೇಲೆ ನಡೆದು ನೋಡಿ ಒಪ್ಪಿದರು. ಒಂದು ಷರತ್ತು ಹಾಕಿದರು: ಒಳ್ಳೆಯ ದಿನ ನೋಡಿ ನಾನು ಹೇಳುತ್ತೇನೆ, ಭಟ್ಟರನ್ನು ಕರೆಸಿ ಪೂಜೆ ಮಾಡಿಸಿ ಆಮೇಲೆಯೇ ಮಷೀನು ಶುರು ಮಾಡಬೇಕು. ನಾನು ಹೂಂ ಎಂದೆ. ಗೆದ್ದದ್ದು ಸಾಕಿತ್ತು.

ಮಷೀನು ಬಂತು. ಶಟರಿನಿಂದ ಒಳಗೆ ಹೋಗುವಾಗ ಮೇಲೆ ಬೆರಳು ತೂರುವಷ್ಟು ಜಾಗ ಉಳಿಯಿತು. ಉಜ್ಜಿ ತೊಳೆದು, ಮಟ್ಟ ಹಿಡಿದು, ನಟ್ಟು ಬದಲಿಸಿ, ಎಣ್ಣೆ ಹಾಕಿ ತಯಾರಿಟ್ಟೆ. ಮಾವ ಇಟ್ಟ ದಿನ ಇನ್ನೂ ದೂರವಿತ್ತು. ತಗಡಿನ ಆಚೆ ಗ್ರೈಂಡರುಗಳು ರುಬ್ಬುತ್ತಿದ್ದವು, ಈಚೆ ನಾನು ಲೇತಿನ ಕೆಲಸ ಮಾಡುತ್ತ ಮಿಲ್ಲಿಂಗಿಗೆ ಬಂದ ರಿಕ್ಷಾಗಳನ್ನು ಅಂಬರನಾಥಕ್ಕೆ ಕಳಿಸುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಆದರೆ ಹೂಂ ಎಂದಾಗಿತ್ತಲ್ಲ.

ಆ ದಿನಕ್ಕೆ ಸ್ವಲ್ಪ ಮೊದಲು, ದೀಪಾವಳಿ ಕಳೆದು ಬಂದ ಅಮಾವಾಸ್ಯೆಯ ಬೆಳಿಗ್ಗೆ, ಆಚೆ ಕಡೆಯ ಸದ್ದು ಒಮ್ಮೆಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಾವ ತಗಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ದೊಡ್ಡ ಗ್ರೈಂಡರಿನ ಶಾಫ್ಟು, ಪೇಪರಿನಲ್ಲಿ ಸುತ್ತಿದ್ದು, ಬೇರೆ ಗಿರಾಕಿಗಳು ಹಿಡಿದು ನಿಲ್ಲುವ ಹಾಗೆಯೇ. ಬಿಡಿಸಿ ನೋಡಿದೆ. ಚಾವಿಯ ಗಾಡಿ ಪೂರ್ತಿ ಹರಿದು ಬಾಯಿಬಿಟ್ಟಿತ್ತು. ಪಕ್ಕದಲ್ಲಿ ಹೊಸದೊಂದು ಕೊರೆಯಬೇಕು. ಇವತ್ತು ಅಮಾವಾಸ್ಯೆ, ಪೂಜೆಯೂ ಆಗಿಲ್ಲ ಎಂದೆ. ಬೇಕೆಂದೇ ಹೇಳಿದೆ.

ಮಾವ ಒಳಗೆ ಬಂದು ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಎರಡು ಹೋಟೆಲಿನ ಅಕ್ಕಿ ನೆನೆಹಾಕಿ ಆಗಿದೆ. ಅಮಾವಾಸ್ಯೆ ಅಂತ ಜನ ಇಡ್ಲಿ ತಿನ್ನದೆ ಕೂತ್ಕೊಳ್ತಾರಾ ಮಾರಾಯ? ಹಾಕು ಸ್ವಿಚ್ಚು."

ಹಾಕಿದೆ. ಕೊರೆಯಬೇಕಾದ ಗಾಡಿ ಗೇಣುದ್ದವೂ ಇರಲಿಲ್ಲ. ಮಾವ ಕೊನೆಯ ತನಕ ಎದ್ದು ಹೋಗಲಿಲ್ಲ. ಚಾವಿಯನ್ನು ತಾವೇ ಗಾಡಿಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹಿಟ್ಟು ನೋಡುವ ಹಾಗೆ. ಮಧ್ಯಾಹ್ನಕ್ಕೆ ಆಚೆ ಕಡೆ ಗ್ರೈಂಡರು ತಿರುಗಿತು. ಅದರ ನಂತರ ಬಂದ ರಿಕ್ಷಾವನ್ನು ನಾನು ಅಂಬರನಾಥಕ್ಕೆ ಕಳಿಸಲಿಲ್ಲ.

ಇಟ್ಟ ದಿನ ಪೂಜೆಯೂ ಆಯಿತು. ಭಟ್ಟರು ಟೇಬಲ್ಲಿಗೆ ಕುಂಕುಮ ಹಚ್ಚುವಾಗ ಸಂದಿಯಲ್ಲಿ ಉಳಿದಿದ್ದ ಹೊಸ ಚೂರು ಬೆರಳಿಗೆ ಚುಚ್ಚಿತು. ಅವರು ಬೆರಳು ಬಾಯಲ್ಲಿಟ್ಟುಕೊಂಡು, ಇದು ಮೊದಲೇ ಓಡಿದೆಯಾ ಎಂದು ಕೇಳಿದರು. ನಾನು ಮಾವನ ಮುಖ ನೋಡಿದೆ.

"ಹಳೇ ಮಷೀನು ಭಟ್ರೇ" ಎಂದರು ಮಾವ. "ಓಡಿಸಿ ನೋಡಿಯೇ ತೆಗೊಂಡದ್ದು."